ಬಸಣ್ಣನ ಅಂಕಗಳನ್ನು ನಾನು ಕೂಡಿಸಲಿಲ್ಲ

ಬಸಣ್ಣನ ಕಣ್ಣು ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ನಾಲ್ಕು ಜನರ ಎದುರು ಹೇಳಿ, ಸ್ವತಃ ಬಸಣ್ಣನೇ ಅದನ್ನು ನಂಬುವಂತೆ ಮಾಡಿದವನು ನಾನು. ಗೊತ್ತಿಲ್ಲದೆ ಮಾಡಿದ್ದಲ್ಲ. ಮೊದಲ ವರ್ಷ ಸೋಮಾರಿತನ ಎಂದುಕೊಳ್ಳಬಹುದಿತ್ತು. ಆಮೇಲಿನದು ಹೊಟ್ಟೆಕಿಚ್ಚು — ಅಪ್ಪಟ ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಅಂಗಿ ತೊಡಿಸುವುದು ಬೇಡ.

ನಾನು ಕೋಲ್ಕತ್ತಾದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಮನೆ ಟಾಲಿಗಂಜ್‌ನಲ್ಲಿ. ಮೆಟ್ರೋ ಇಳಿದು ನಾಲ್ಕು ಹೆಜ್ಜೆ ನಡೆದರೆ ರಘುರಾಮಣ್ಣನ ಉಡುಪಿ ಹೋಟೆಲು. ಭಾನುವಾರ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಅದರ ಮಹಡಿಯಲ್ಲಿ ನಾವು ಎಂಟು ಮಂದಿ ಕನ್ನಡಿಗರು ಸೇರುತ್ತಿದ್ದೆವು. ಹೇಳಲು ನಾಚಿಕೆ — ಕೂದಲು ನೆರೆತವರೆಲ್ಲ ಸೇರಿ ಆಡುತ್ತಿದ್ದದ್ದು ಫ್ಯಾಂಟಸಿ ಹಾಕಿ. ಲೀಗ್ ಶುರುವಾಗುವ ಮುಂಚೆ ಒಂದು ದಿನ ಡ್ರಾಫ್ಟ್. ಸರದಿಯಂತೆ ನಿಜವಾದ ಆಟಗಾರರ ಹೆಸರು ಕೂಗಿ ನಮ್ಮ ಕಾಗದದ ತಂಡಕ್ಕೆ ಸೇರಿಸಿಕೊಳ್ಳುವುದು. ಒಬ್ಬರು ಕೂಗಿದ ಹೆಸರು ಇನ್ನೊಬ್ಬರಿಗಿಲ್ಲ. ಆಮೇಲೆ ಆ ಆಟಗಾರ ಮೈದಾನದಲ್ಲಿ ಆಡಿದ್ದಕ್ಕೆ ತಕ್ಕಂತೆ ನಮಗೆ ಪಾಯಿಂಟು. ಗೆದ್ದವರಿಗೆ ಏನೂ ಸಿಗುತ್ತಿರಲಿಲ್ಲ, ಸೋತವರಿಗೆ ವರ್ಷವಿಡೀ ಗೇಲಿ ಮಾತ್ರ ತಪ್ಪುತ್ತಿರಲಿಲ್ಲ.

ಇಬ್ಬಿಬ್ಬರಿಗೆ ಒಂದು ತಂಡ. ನನ್ನ ಜೋಡಿ ಬಸಣ್ಣ. ಬೆಟಗೇರಿಯವರು, ಹಾಕಿ ಆಡಿಯೇ ಇಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ನೌಕರಿ ಹಿಡಿದವರು. ಮೊಣಕಾಲು ಹೋದ ಮೇಲೆ ಆಟ ನಿಂತಿತು, ನೋಡುವುದು ನಿಲ್ಲಲಿಲ್ಲ. ನಿವೃತ್ತರಾಗಿ ಬೆಹಾಲಾದಲ್ಲಿದ್ದರು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಗಾರ್ಡನ್ ರೀಚ್‌ನ ಒಂದು ಮೈದಾನಕ್ಕೆ ಹೋಗಿ ಅಲ್ಲಿಯ ಹುಡುಗಿಯರಿಗೆ ಹಾಕಿ ಕಲಿಸುತ್ತಿದ್ದರು. ಆ ಹುಡುಗಿಯರು ಅವರನ್ನು ಬಸು-ದಾ, ಅಂದರೆ ಬಸು ಅಣ್ಣ, ಎನ್ನುತ್ತಿದ್ದರು. ಅವರ ಬದುಕೆಂದರೆ ಆ ಮೈದಾನ ಮತ್ತು ಆ ಕಣ್ಣು, ಬೇರೇನಿಲ್ಲ.

ಒಪ್ಪಂದ ಸರಳವಾಗಿತ್ತು. ಆಟಗಾರರ ಅಂಕಿಅಂಶ ಕೂಡಿಸಿ ಒಂದರಿಂದ ನೂರರವರೆಗೆ ಸಾಲಾಗಿ ನಿಲ್ಲಿಸುವ ರ‍್ಯಾಂಕಿಂಗ್ ತಂತ್ರಾಂಶ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಬಸಣ್ಣ ಡ್ರಾಫ್ಟಿಗೆ ಮುಂಚೆ ಟಿ.ವಿ.ಯಲ್ಲಿ ಪಂದ್ಯ ನೋಡಿ ಒಬ್ಬೊಬ್ಬನಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಅರ್ಧ ಯಂತ್ರ, ಅರ್ಧ ಬಸಣ್ಣನ ಕಣ್ಣು. ಎರಡನ್ನೂ ಕೂಡಿಸಿ ಪಟ್ಟಿ ಮಾಡುವ ಕೆಲಸ ನನ್ನದು.

"ಗೋಲ್ ಹೊಡ್ಯಾಂವನ್ನ ಎಲ್ಲಾರೂ ನೋಡ್ತಾರ್ರಿ ಸರ," ಎನ್ನುತ್ತಿದ್ದರು. "ಬಾಲ್ ಕಳಕೊಂಡ ಮ್ಯಾಲ ಹೆಂಗ ತಿರಗತಾನ, ಅದನ್ನ ನೋಡ್ರಿ. ಸಿಟ್ಟಿಲೆ ನಿಂತ್ಕೊಂಡ್ರ ನಾಕು. ಬೆನ್ನ ಹತ್ತಿ ಓಡಿದ್ರ ಎಂಟು."

ಒಂದು ನೋಟುಬುಕ್ಕಿನ ತುಂಬ ಬರೆದು ತಂದುಕೊಟ್ಟರು. ದುಂಡಗಿನ ಅಕ್ಷರ, ಸ್ಕೇಲಿಟ್ಟು ಎಳೆದ ಗೆರೆ. ಅದನ್ನೆಲ್ಲ ಕಂಪ್ಯೂಟರಿಗೆ ತುಂಬಿಸುವುದು ಒಂದು ದಿನದ ಕೆಲಸ. ನಾನು ತುಂಬಿಸಲಿಲ್ಲ. ಯಂತ್ರದ ಪಟ್ಟಿಯನ್ನೇ ಮುದ್ರಿಸಿ, ಇದು ನಮ್ಮಿಬ್ಬರ ಪಟ್ಟಿ ಎಂದೆ. ಅವರು ಅದನ್ನೇ ಹಿಡಿದು ಡ್ರಾಫ್ಟಿನಲ್ಲಿ ಹೆಸರು ಕೂಗಿದರು. ಒಂದೆರಡು ಕಡೆ ತಡವರಿಸಿದರು — "ಇಂವಗ ನಾ ನಾಕ ಕೊಟ್ಟಂಗಿತ್ತಲ್ರಿ?" ಎಲ್ಲ ಕೂಡಿಸಿ ಭಾಗಿಸಿದ ಮೇಲೆ ಹಾಗೆ ಬಂದಿದೆ ಎಂದೆ. "ಲೆಕ್ಕ ನಿಮಗ ಬಿಟ್ಟದ್ದು," ಎಂದು ಮುಂದಿನ ಹೆಸರು ಕೂಗಿದರು.

ಆ ವರ್ಷ ನಾವು ಕೊನೆಯ ಸ್ಥಾನಕ್ಕೆ ಬಿದ್ದೆವು. ರಘುರಾಮಣ್ಣ ಬಿಡುತ್ತಾರೆಯೇ? "ಎಂಥ ಮಾರಾಯ್ರೆ, ಇವನನ್ನೆಲ್ಲ ಆರಿಸಿದ್ದು ಯಾರು? ಮೇಷ್ಟ್ರ ಲೆಕ್ಕವೋ, ಬಸಣ್ಣನ ಕಣ್ಣೋ?"

ಎಲ್ಲರೂ ನನ್ನ ಕಡೆ ನೋಡಿದರು. ಒಂದು ಕ್ಷಣ, ಅಷ್ಟೇ. ನಾನು ನಗುತ್ತಾ ಹೇಳಿದೆ: "ಲೆಕ್ಕ ಸರಿಯಾಗಿಯೇ ಇತ್ತು. ಬಸಣ್ಣನ ಅಂಕ ಸೇರಿಸಿದ ಮೇಲೆ ಪಟ್ಟಿ ಅಡಿಮೇಲಾಯಿತು."

ಎಲ್ಲರೂ ನಕ್ಕರು, ಬಸಣ್ಣನೂ ನಕ್ಕರು. ಕಾಫಿ ಬಂತು. ನನಗೆ ಆ ಕಾಫಿ ಇಳಿಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ಮರುವರ್ಷ ಅವರು ಇನ್ನೂ ಜಾಸ್ತಿ ಪಂದ್ಯ ನೋಡಿದರು, ಎರಡು ನೋಟುಬುಕ್ಕು ತುಂಬಿಸಿದರು. ನಾನು ಮತ್ತೆ ಯಂತ್ರದ ಪಟ್ಟಿಯನ್ನೇ ಕೊಟ್ಟೆ. ಮತ್ತೆ ಸೋಲು, ಮತ್ತೆ ಅದೇ ಮಾತು. ಲೀಗ್ ಮುಗಿದ ವಾರ ಕಾಲೇಜಿಗೆ ರಜೆಯಿತ್ತು. ಸುಮ್ಮನೆ ಕುತೂಹಲಕ್ಕೆ ಕುಳಿತು ಬಸಣ್ಣನ ಅಂಕಗಳನ್ನೆಲ್ಲ ತುಂಬಿಸಿ ನೋಡಿದೆ. ಒಪ್ಪಂದದಂತೆ ಅರ್ಧ ಅರ್ಧ ಕೂಡಿಸಿದ್ದರೆ ಎರಡು ವರ್ಷವೂ ನಾವೇ ಮೊದಲು. ಯಂತ್ರವನ್ನು ಪೂರಾ ತೆಗೆದುಹಾಕಿ ಬರೀ ಬಸಣ್ಣನ ಅಂಕಗಳಿಂದ ಪಟ್ಟಿ ಮಾಡಿದೆ. ಅದು ಇನ್ನೂ ಚೆನ್ನಾಗಿ ಬಂತು.

ಖುಷಿಪಡಬೇಕಿತ್ತು, ಅಲ್ಲವೇ? ಓಡಿಹೋಗಿ ಹೇಳಬೇಕಿತ್ತು. ಆದರೆ ನಾನು — ಇಡೀ ಆಯುಷ್ಯ ಅಂಕಿಗಳ ಜೊತೆ ಕಳೆದವನು, ಹತ್ತನೇ ಕ್ಲಾಸು ದಾಟದ ಒಬ್ಬ ಮನುಷ್ಯ ಸೋಫಾದಲ್ಲಿ ಕುಳಿತು ಕಡಲೆ ತಿನ್ನುತ್ತಾ ಹಾಕಿದ ಅಂಕದ ಮುಂದೆ ಸೋತಿದ್ದೆ. ಅದನ್ನು ನನಗೆ ಸಹಿಸಲಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ. ಯಾರಿಗೂ ಹೇಳಲಿಲ್ಲ, ಹೆಂಡತಿಗೂ.

ಅಷ್ಟರಲ್ಲಿ ಗೇಲಿ ಬಸಣ್ಣನ ಮೈಗಿಳಿದಿತ್ತು. ಒಂದು ಭಾನುವಾರ ಬಂದವರೇ, "ಕಣ್ಣಿನ ಡಾಕ್ಟರ್ ಕಡೆ ಹೋಗಿದ್ದೆ ಸರ. ಕಣ್ಣ ಚೊಲೋ ಅದಾವಂತ," ಎಂದರು. ಆಮೇಲೆ ಇಡ್ಲಿ ಮುರಿಯುತ್ತಾ, "ಹಂಗಾರ ತಲಿನ ಕೆಟ್ಟಿರಬೇಕು," ಎಂದರು. ಎದುರಿಗೇ ಕೂತಿದ್ದೆ. ಒಂದು ಮಾತು ಸಾಕಿತ್ತು — ಒಂದೇ ಒಂದು. ನಾನು ಚಟ್ನಿ ಬೇಕೇ ಎಂದು ಕೇಳಿದೆ.

ಅದಾದ ಕೆಲವೇ ದಿನಗಳಿಗೆ ಮನೆಗೆ ಬಂದರು. ಕೈಯಲ್ಲಿ ಪಂದ್ಯಗಳ ಅಂಕಿ ಬರೆದ ಹಾಳೆಗಳು. ಗಾರ್ಡನ್ ರೀಚ್‌ನ ಹುಡುಗಿಯರಲ್ಲಿ ಮೂವರನ್ನು ರಾಜ್ಯದ ಆಯ್ಕೆ ಶಿಬಿರಕ್ಕೆ ಬಸಣ್ಣ ಆರಿಸಿ ಕಳಿಸಬೇಕಿತ್ತು. ಆ ಗುಂಪಿನ ನಸ್ರೀನ್ ಎಂಬ ಹುಡುಗಿಗೆ ವಯಸ್ಸಿನ ಮಿತಿಯಿಂದಾಗಿ ಅದು ಕೊನೆಯ ವರ್ಷ. ಮನೆಯವರು ಒಂದು ಷರತ್ತು ಹಾಕಿದ್ದರಂತೆ: ಈ ಸಲ ಹೆಸರು ಬಂದರೆ ಆಟ, ಇಲ್ಲವಾದರೆ ಮನೆಯ ಹೊಲಿಗೆ ಯಂತ್ರ.

"ಹಾಫ್‌ದಾಗ, ನಡು ಮೈದಾನದಾಗ ಆಡತಾಳ. ಗೋಲ್ ಹೊಡಿಯಂಗಿಲ್ಲ, ಯಾರ ಕಣ್ಣಿಗೂ ಬೀಳಂಗಿಲ್ಲ. ನನಗ ಒಂಬತ್ತು ಅನಸ್ತಾಳ ಸರ. ಇಷ್ಟ ವರ್ಷದಾಗ ನಾ ಯಾರಿಗೂ ಒಂಬತ್ತ ಕೊಟ್ಟಿಲ್ಲ. ಆದ್ರ ಈಗ ನನ್ನ ಕಣ್ಣ ನಂಬಾಕ ಆಗವಲ್ದು. ಒಂದು ಹುಡಿಗಿ ಬಾಳೇದ ಪ್ರಶ್ನಿ. ನೀವ ಲೆಕ್ಕಾ ಹಾಕಿ ಹೇಳ್ರಿ."

ಹಾಳೆ ತೆಗೆದುಕೊಂಡೆ. ನಿಜ ಗೊತ್ತಿದ್ದೂ ತೆಗೆದುಕೊಂಡೆ. ಗೋಲು, ಪಾಸು, ಪೆನಾಲ್ಟಿ ಕಾರ್ನರು — ಕೆಲವೇ ಪಂದ್ಯಗಳ ಅಂಕಿಯನ್ನು ತುಂಬಿಸಿ ಗುಂಡಿ ಒತ್ತಿದೆ. ನಸ್ರೀನ್ ಹನ್ನೊಂದನೆಯವಳಾಗಿ ಬಂದಳು. ಅಷ್ಟು ಕಡಿಮೆ ಪಂದ್ಯಗಳಿಂದ ಏನನ್ನೂ ಹೇಳಲಾಗದು ಎಂದು ಮೊದಲ ವರ್ಷದ ಮಕ್ಕಳಿಗೇ ಪಾಠ ಮಾಡುತ್ತೇನೆ. ಆ ದಿನ ಬಾಯಿಗೆ ಬರಲಿಲ್ಲ. ಬಸಣ್ಣ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಇಳಿಯುತ್ತಾ ಹೋದರು. ಹನ್ನೊಂದಕ್ಕೆ ಬಂದು ನಿಂತರು. "ಛೇ," ಎಂದರು. ನನಗೆ ಥ್ಯಾಂಕ್ಸ್ ಹೇಳಿ ಹೋದರು.

ಮೇಲಿನ ಮೂವರು ಹೋದರು, ಯಾರೂ ಆಯ್ಕೆಯಾಗಲಿಲ್ಲ. ನಸ್ರೀನ್ ಮರಳಿ ಮೈದಾನಕ್ಕೆ ಬರಲಿಲ್ಲ. ದುರ್ಗಾಪುಜೋ ಕಳೆದ ಮೇಲೆ ಬಸಣ್ಣನೂ ಹೋಗುವುದನ್ನು ಬಿಟ್ಟರು, ನಮ್ಮ ಭಾನುವಾರಕ್ಕೂ ಬರಲಿಲ್ಲ. ವಯಸ್ಸಾಯಿತು ಎಂದರು ಎಲ್ಲರೂ. ನಾನೂ ಹಾಗೇ ಎಂದೆ.

ಇದಾಗಿ ಐದು ವರ್ಷ. ಹೋದ ತಿಂಗಳು ತಡೆಯಲಾರದೆ ಬೆಹಾಲಾಕ್ಕೆ ಹೋದೆ. ಅವರದೇ ಮೂರು ನೋಟುಬುಕ್ಕು, ನಾನು ಮಾಡಿ ಮುಚ್ಚಿಟ್ಟ ಪಟ್ಟಿ, ಎಲ್ಲವನ್ನೂ ಅವರ ಮುಂದಿಟ್ಟೆ. ಬಸಣ್ಣ ಸೊರಗಿಹೋಗಿದ್ದರು. ಟಿ.ವಿ.ಯಲ್ಲಿ ಏನೋ ಅಡುಗೆ ಕಾರ್ಯಕ್ರಮ ನಡೆಯುತ್ತಿತ್ತು. ಹಾಕಿ ನೋಡುವುದಿಲ್ಲವಂತೆ. ಕುಳಿತುಕೊಳ್ಳದೆ, ನಿಂತೇ ಎಲ್ಲ ಹೇಳಿದೆ — ಕೂಡಿಸದೆ ಬಿಟ್ಟದ್ದು, ಸುಳ್ಳಾಡಿದ್ದು, ಗೊತ್ತಿದ್ದೂ ಸುಮ್ಮನಿದ್ದದ್ದು.

ಕೊನೆಯವರೆಗೂ ಕೇಳಿದರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ದೇವರಾಣೆ, ಕಪಾಳಕ್ಕೆ ಹೊಡೆದರೂ ಸಾಕು ಎಂದುಕೊಂಡಿದ್ದೆ. ಅವರು ನಕ್ಕರು. "ಒಳ್ಳೇ ಮನಷ್ಯಾ ಅದೀರಿ ಸರ. ಈ ಮುದುಕನ್ನ ಸಮಾಧಾನ ಮಾಡಾಕ ಇಷ್ಟ ದೂರ ಬಂದೀರಿ."

"ಸಮಾಧಾನ ಅಲ್ಲ ಬಸಣ್ಣ. ಇದು ನಿಜ. ಇಲ್ಲಿ ನೋಡಿ, ನಿಮ್ಮದೇ ಅಂಕ —"

ಅವರು ಪಟ್ಟಿ ಕೈಗೆ ತೆಗೆದುಕೊಂಡರು, ಬಹಳ ಹೊತ್ತು ನೋಡಿದರು. ನಗು ನಿಂತಿತ್ತು. ಪಟ್ಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು.

"ಖರೇ ಆಗಿದ್ರ, ಆ ಹುಡಿಗಿ ಒಂಬತ್ತನ ಇದ್ದಳು ಅಂದಂಗಾತು. ನಾ ಕೈಯ್ಯಾರೆ ಆಕಿ ಹೆಸರ ಹೊಡದು ಹಾಕಿದಂಗಾತು." ಅವರ ದನಿ ಸಣ್ಣಗಾಯಿತು. "ಬ್ಯಾಡ್ರಿ ಸರ. ನನ್ನ ಕಣ್ಣ ಕೆಟ್ಟಿತ್ತು ಅಂತನ ಇರಲಿ."

ನಾನು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡೆ. ಅವರೇ ಎದ್ದು ಚಹಾ ಮಾಡಿ ತಂದರು, ನನ್ನ ಮಗಳ ಓದು ಹೇಗೆ ನಡೆದಿದೆ ಎಂದು ಕೇಳಿದರು. ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಇನ್ನೊಮ್ಮೆ ಈ ಮಾತು ಎತ್ತಬೇಡಿ ಎಂದರು. ಎತ್ತುವುದಿಲ್ಲ. ಸತ್ಯ ಹೇಳಿ ಹಗುರಾಗಲು ಹೋಗಿದ್ದೆ ನಾನು. ಅವರಿಗೆ ಉಳಿದಿದ್ದ ಒಂದೇ ಒಂದು ನೆಮ್ಮದಿ ಅವರ ಕಣ್ಣು ಕೆಟ್ಟಿದೆ ಎಂಬ ನನ್ನ ಸುಳ್ಳು. ಅದನ್ನೂ ಕಿತ್ತುಕೊಂಡು ಬಂದೆನೋ ಏನೋ.