ಪಾಸಾದ ಕಾಲನ್ನು ಫೇಲು ಮಾಡಿದ ಕಾಲಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಜನರೇಟರಿಗೂ ನಡುವೆ ಇರುವ ತಗಡಿನ ಛಾವಣಿಯ ಕೊಠಡಿಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಗೋಡೆಗೆ ಬಣ್ಣ ಬಳಿಯುವ ಪೇಂಟರ್ ಒಬ್ಬರು ಬೆಂಚಿನ ಮೇಲೆ ಕುಳಿತಿದ್ದಾರೆ. ಅವರ ಎಡಗಾಲು ಮೊಣಕಾಲಿನಿಂದ ಒಂದು ಗೇಣು ಕೆಳಗೆ ಮುಗಿದುಹೋಗಿದೆ. ಎದುರಿಗೆ ಮೋಟು ಸ್ಟೂಲಿನ ಮೇಲೆ ಕುಳಿತ ಹೆಂಗಸು ಪ್ಲಾಸ್ಟರ್ ಪಟ್ಟಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡಿ, ಆ ಕಾಲಿಗೆ ಸುತ್ತುತ್ತಾ ವಿಚಾರಣೆ ನಡೆಸಿದ್ದಾರೆ.

"ರಾತ್ರಿಯೆಲ್ಲ ಕಾಲು ದಿಂಬಿನ ಮೇಲೇ ಇತ್ತಾ?"

"ಇತ್ತಕ್ಕ."

"ನಿಜ ಹೇಳು."

ಪೇಂಟರ್ ಗೋಡೆ ನೋಡುತ್ತಾರೆ. "ಮಧ್ಯ ಒಂದ್ಸಲ ಎದ್ದಿದ್ದೆ, ನೀರು ಕುಡಿಯೋಕೆ. ಎರಡೇ ನಿಮಿಷ. ಮನೆಯವಳು ಕಾವಲಿಗೆ ಕೂತೇ ಇದ್ಲು."

"ಎರಡು ನಿಮಿಷ ಆದ್ರೆ ಪರವಾಗಿಲ್ಲ. ಅಲ್ಲಾಡಬೇಡ ಈಗ."

ಈಕೆಯೇ ಕಾಲಕ್ಕ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆಯಂತೆ, ಆದರೆ ಆ ಹೆಸರು ಹಿಡಿದು ಕರೆದರೆ ತಾನೇ ತಿರುಗಿ ನೋಡುವುದಿಲ್ಲ ಎನ್ನುತ್ತಾರೆ. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವುದು ಅವರ ಕೆಲಸ. ವಯಸ್ಸು ನಲವತ್ತಾರು. ಉಗುರುಗಳ ಸಂದಿಯಲ್ಲಿ ಸದಾ ಬಿಳಿ ಪುಡಿ, ಕುತ್ತಿಗೆಯಲ್ಲಿ ಅಳತೆಯ ಟೇಪು. ಮಾತು ಶುರುವಾದ ಐದನೇ ನಿಮಿಷಕ್ಕೆ ಅವರು ನನ್ನ ಪೆನ್ನಿನ ಕಡೆ ಬೆರಳು ತೋರಿಸಿ ಒಂದು ಷರತ್ತು ಹಾಕುತ್ತಾರೆ. "ನನ್ನ ದೇವತೆ ಗೀವತೆ ಅಂತ ಬರೆದ್ರೆ ನಾಳೆಯಿಂದ ಒಳಗೆ ಬಿಡಲ್ಲ." ನನಗೆ ಆ ಚಟ ಇರುವುದು ನಿಜವಾದ್ದರಿಂದ ತೆಪ್ಪಗೆ ಒಪ್ಪಿಕೊಂಡಿದ್ದೇನೆ.

ಕಾಲಿನ ಅಚ್ಚು ತೆಗೆಯುವ ಈ ಕೆಲಸ ಬೆಳಗಾಗುವ ಮೊದಲೇ ಏಕೆ? ಊರುಗೋಲು ಹಿಡಿದು ದಿನವೆಲ್ಲ ಓಡಾಡಿದವರ ಕಾಲಿನ ಉಳಿದ ಭಾಗ ಜೋತುಬಿದ್ದು ಸಂಜೆಗೆ ಊದಿಕೊಳ್ಳುತ್ತದೆ. ರಾತ್ರಿ ಎತ್ತರಿಸಿಟ್ಟು ಮಲಗಿದರೆ ಬೆಳಗ್ಗೆ ತನ್ನ ನಿಜವಾದ ಗಾತ್ರಕ್ಕೆ ಬರುತ್ತದೆ. ಸಂಜೆ ಅಚ್ಚು ತೆಗೆದರೆ ಊತಕ್ಕೂ ಸೇರಿಸಿ ಕಾಲು ಮಾಡಿದಂತಾಗುತ್ತದೆ, ಮರುದಿನ ಬೆಳಗ್ಗೆ ಅದು ಲೊಡಲೊಡ ಎನ್ನುತ್ತದೆ. ಒಂದು ಬಳೆಯ ದಪ್ಪದಷ್ಟು ವ್ಯತ್ಯಾಸ ಸಾಕು, ಎರಡನೇ ವಾರಕ್ಕೆ ಚರ್ಮ ಹರಿಯುತ್ತದೆ. "ಮೊಂಡುಗಾಲು ಅಂತ ಮಾತ್ರ ಬರೀಬೇಡಿ. ಹೋಗಿದ್ದು ಹೋಯ್ತು. ಇದು ಉಳಿದ ಕಾಲು," ಎಂದು ಪಟ್ಟಿಯ ತುದಿಯನ್ನು ಹೆಬ್ಬೆರಳಿನಿಂದ ಸವರಿ ಕೂರಿಸುತ್ತಾರೆ.

ಈ ಕೊಠಡಿಗೆ ಅವರು ಮೊದಲು ಬಂದದ್ದು ಪೊರಕೆ ಹಿಡಿದು. ಹನ್ನೊಂದು ವರ್ಷ ಇಲ್ಲಿನ ಪ್ಲಾಸ್ಟರ್ ಪುಡಿ ಗುಡಿಸಿದ್ದಾರೆ. ಗುಡಿಸುವವರಿಗೆ ನೆಲದಲ್ಲಿರುವುದೇ ಕಣ್ಣಿಗೆ ಬೀಳುತ್ತದಲ್ಲ, ಹಾಗೆ ಬಾಗಿಲ ಬಳಿ ಬಿಟ್ಟ ಚಪ್ಪಲಿಗಳು ಕಣ್ಣಿಗೆ ಬಿದ್ದವು. ಒಂದು ದಿನ, ಕಾಲು ಮಾಡುವ ಹಿರಿಯ ಕುಶಲಕರ್ಮಿ, ಎಲ್ಲರೂ ಮೇಷ್ಟ್ರು ಎಂದು ಕರೆಯುವವರು, ರೋಗಿಯೊಬ್ಬರನ್ನು ನಡೆಸಿ ನೋಡಿ ಎಲ್ಲ ಸರಿಯಿದೆ ಎಂದು ಕಳಿಸುತ್ತಿದ್ದರು. "ಸರ್, ಇವರ ಚಪ್ಪಲಿ ಹೊರಗಡೆ ಅಂಚಲ್ಲಿ ಮಾತ್ರ ಸವೆದಿದೆ," ಎಂದು ಗುಡಿಸುವಾಕೆ ನಡುವೆ ಬಾಯಿ ಹಾಕಿದರು. ಮೇಷ್ಟ್ರು ನಿನ್ನ ಕೆಲಸ ನೋಡು ಎಂದು ರೇಗಿದರು. ಆಮೇಲೆ ಚಪ್ಪಲಿ ತಿರುಗಿಸಿ ನೋಡಿದರು. ಪಾದ ಎರಡು ಡಿಗ್ರಿ ಓರೆಯಾಗಿತ್ತು.

ಅದೇ ವರ್ಷ ಆಸ್ಪತ್ರೆಯವರು ಅವರಿಗೆ ಬಡ್ತಿ ಕೊಡಲು ಬಂದರು. ಸ್ವಚ್ಛತಾ ಸಿಬ್ಬಂದಿಯ ಮೇಲ್ವಿಚಾರಕಿ, ಕೂರಲು ಕುರ್ಚಿ, ಕೈಕೆಳಗೆ ಹದಿನಾಲ್ಕು ಜನ. ಅವರು ಬೇಡವೆಂದು, ಮೇಷ್ಟ್ರ ಹತ್ತಿರ ಪ್ಲಾಸ್ಟರ್ ಕಲೆಸುವ ಸಹಾಯಕಿಯಾಗಿ ಸೇರಿಕೊಂಡರು. ಮೂವತ್ತಾರನೇ ವಯಸ್ಸಿಗೆ ಕೆಳಗಿನ ಮೆಟ್ಟಿಲಿಂದ ಮತ್ತೆ ಶುರು. "ಎಲ್ರೂ ತಲೆ ಕೆಟ್ಟಿದೆ ಅಂದ್ರು. ನಮ್ಮಮ್ಮ ಅಂತೂ ಎರಡು ತಿಂಗಳು ಮಾತು ಬಿಟ್ಲು. ಕುರ್ಚಿ ಬೇಡ ಅಂತಲ್ಲ. ಆದ್ರೆ ನಂಗೆ ಕಣ್ಣಿಗೆ ಕಾಣ್ತಿದ್ದಿದ್ದು ಕಾಲು. ಕುರ್ಚಿ ಮೇಲೆ ಕೂತು ಅದನ್ನೇ ಯೋಚನೆ ಮಾಡ್ತಿದ್ರೆ ಎರಡೂ ಕೆಡ್ತಿತ್ತು."

ಶಾಲೆ ಒಂಬತ್ತನೇ ತರಗತಿಗೇ ನಿಂತಿತ್ತು. ಬಾಕಿ ಉಳಿದದ್ದನ್ನು ನಲವತ್ತು ದಾಟಿದ ಮೇಲೆ ಓದಿದರು. ಮೂಳೆಗಳ ಹೆಸರು ಬಾಯಿಪಾಠ ಆಗಲೆಂದು ಚೀಟಿ ಬರೆದು ಅಡುಗೆಮನೆಯ ಡಬ್ಬಿಗಳಿಗೆ ಅಂಟಿಸಿದ್ದರು. ಅವರ ಯಜಮಾನರು ಸರಕು ಸಾಗಿಸುವ ವ್ಯಾನ್ ಓಡಿಸುತ್ತಾರೆ, ಮಾತಿನಲ್ಲಿ ಹೆಂಡತಿಗೆ ಸರಿಜೋಡಿ. "ಸಕ್ಕರೆ ಎಲ್ಲಿ ಅಂದ್ರೆ ಟಿಬಿಯಾದಲ್ಲಿದೆ ಅಂತಿದ್ಲು. ಟೀಪುಡಿ ಫಿಬುಲಾದಲ್ಲಿ. ಈಗ ನಾನೂ ಅರ್ಧ ಡಾಕ್ಟರೇ," ಎಂದು ನಗುತ್ತಾರೆ. ಮನೆಯಲ್ಲಿ ತನ್ನ ಕಾಲೆಳೆದದ್ದು ಸಾಲದೆಂದು ಊರವರ ಕಾಲು ಹಿಡಿಯಲು ಹೋಗಿದ್ದಾಳೆ ಎಂಬುದು ಅವರ ಹಳೆಯ ದೂರು.

ಒಂದು ಕಾಲು ತಯಾರಾಗಲು ಐದು ದಿನ ಬೇಕು. ತೂಕ ಸುಮಾರು ಒಂದೂವರೆ ಕಿಲೋ. ವಾರಕ್ಕೆ ಇಬ್ಬರದೋ ಮೂವರದೋ ಅಚ್ಚು, ದಿನಕ್ಕೆ ಏಳೆಂಟು ರಿಪೇರಿ. ಹತ್ತು ವರ್ಷದಲ್ಲಿ ಅವರ ಕೈಯಿಂದ ಆರುನೂರಕ್ಕೂ ಹೆಚ್ಚು ಕಾಲುಗಳು ಎದ್ದು ಹೊರಗೆ ನಡೆದಿವೆ. ತೊಡಿಸಿದ ಮೇಲೆ ಅವರು ಹೇಗಿದೆ ಎಂದು ಕೇಳುವುದೇ ಇಲ್ಲ. ಕೇಳಿದರೆ ಪ್ರತಿಯೊಬ್ಬರೂ ಚೆನ್ನಾಗಿದೆ ಎಂದೇ ಹೇಳುತ್ತಾರಂತೆ, ಸಂಕೋಚಕ್ಕೆ. ಅದರ ಬದಲು ಕೈಗೆ ಅಂಚಿನವರೆಗೆ ನೀರು ತುಂಬಿದ ಲೋಟ ಕೊಟ್ಟು, ಆ ತುದಿಯ ಕಿಟಕಿಯವರೆಗೆ ಹೋಗಿ ಬಾ ಎನ್ನುತ್ತಾರೆ. ತಾವು ಕಣ್ಣು ಮುಚ್ಚಿ ಹೆಜ್ಜೆಯ ಸದ್ದು ಕೇಳುತ್ತಾರೆ. ನಂತರ ಕಾಲು ಬಿಚ್ಚಿಸಿ ಚರ್ಮ ನೋಡುತ್ತಾರೆ. ಕೆಂಪು ಗುರುತು ಹತ್ತು ನಿಮಿಷದಲ್ಲಿ ಮಾಯವಾಗದಿದ್ದರೆ ತಪ್ಪು ತಮ್ಮದು.

ಇಷ್ಟೆಲ್ಲ ಮಾಡಿದರೂ ಆ ಕಾಲುಗಳ ಕಾಗದದ ಮೇಲೆ ಸಹಿ ಮೇಷ್ಟ್ರದೇ. ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆದವರು ಮಾತ್ರ ಸಹಿ ಹಾಕಬಹುದು. ಮೇಷ್ಟ್ರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ, ಈಗಾಗಲೇ ಎರಡು ಸಲ ಅವಧಿ ವಿಸ್ತರಿಸಿ ಆಗಿದೆ. ಸಹಿ ಹಾಕುವವರಿಲ್ಲದಿದ್ದರೆ ವರ್ಕ್‌ಶಾಪಿಗೆ ಬೀಗ. ಇಲ್ಲಿಗೆ ಬರುವವರೆಲ್ಲ ರೈಲಿನಲ್ಲಿ ಆರು ಗಂಟೆ ಕೂತು ಬೇರೆ ಊರಿಗೆ ಹೋಗಬೇಕು, ಅದೂ ಊರುಗೋಲು ಹಿಡಿದು. ಕಾಲಕ್ಕ ಬರವಣಿಗೆಯ ಪರೀಕ್ಷೆಯನ್ನು ಎರಡನೇ ಪ್ರಯತ್ನಕ್ಕೆ ದಾಟಿದ್ದರು. ಉಳಿದದ್ದು ಒಂದೇ: ಮೊದಲ ಸಲ ಕೃತಕ ಕಾಲು ತೊಡುವ ಒಬ್ಬರಿಗೆ ಒಬ್ಬರೇ ಕಾಲು ಮಾಡಿ, ಪರೀಕ್ಷಕರ ಎದುರು ನಡೆಸಿ ತೋರಿಸುವುದು.

ಅದು ನಡೆದದ್ದು ನಾನು ಈ ಕೊಠಡಿಗೆ ಬರುವುದಕ್ಕೆ ಒಂದು ತಿಂಗಳು ಮುಂಚೆ. ಕಾಲು ತೊಟ್ಟವರು ಇದೇ ಪೇಂಟರ್. ಹೊರಗಿನಿಂದ ಬಂದಿದ್ದ ಇಬ್ಬರು ಪರೀಕ್ಷಕರ ಮುಂದೆ ಇಳಿಜಾರು ಹತ್ತಿದರು, ಮೆಟ್ಟಿಲು ಇಳಿದರು, ಲೋಟದ ನೀರು ಒಂದು ಹನಿ ಚೆಲ್ಲಲಿಲ್ಲ. ಪರೀಕ್ಷಕರಲ್ಲಿ ಹಿರಿಯರಾದ ಕನ್ನಡಕದ ಮೇಡಂ ಅಲ್ಲೇ ಹಾಳೆಯ ಮೇಲೆ ಪಾಸು ಎಂದು ಬರೆದು ಕೈಕುಲುಕಿದರು. ಮೇಷ್ಟ್ರು ಎಲ್ಲರಿಗೂ ಚಹಾ ಹೇಳಿಕಳಿಸಿದರು. ಕಾಲಕ್ಕ ಪೇಂಟರನ್ನು ಪರದೆಯ ಹಿಂದೆ ಕೂರಿಸಿ ಕಾಲು ಬಿಚ್ಚಿದರು.

ಕೃತಕ ಕಾಲಿನ ಒಳಗೆ ಒಂದು ಕಾಲುಚೀಲ ಹಾಕಬೇಕು. ಪರೀಕ್ಷೆಯ ನಿಯಮದಲ್ಲಿ ಒಂದೇ. ಅದನ್ನು ತೆಗೆದರೆ ಕೆಳಗೆ ಇನ್ನೊಂದಿತ್ತು. ಅದನ್ನೂ ತೆಗೆದರೆ ಮತ್ತೊಂದು. ಬೆಳಗ್ಗೆ ಮನೆಯಲ್ಲಿ ತೊಟ್ಟು ನೋಡಿದಾಗ ಕಾಲು ಜಾರುತ್ತಿತ್ತು. ಪೇಂಟರ್ ಹೆಂಡತಿಯ ಜೊತೆ ಕೂತು ಆಲೋಚಿಸಿ, ತಮ್ಮ ಹಳೆಯ ಸಾಕ್ಸ್ ಎರಡನ್ನು ಕತ್ತರಿಸಿ ಒಳಗೆ ತುಂಬಿದ್ದರು.

"ಅಕ್ಕ ನಮಗೋಸ್ಕರ ಅಷ್ಟು ಒದ್ದಾಡಿದ್ದಾಳೆ, ನಮ್ಮಿಂದ ಫೇಲ್ ಆಗಬಾರದು ಅನ್ನಿಸ್ತು. ಯಾರಿಗೂ ಗೊತ್ತಾಗಲ್ಲ ಬಿಡಕ್ಕ ಅಂದೆ," ಎಂದು ಪೇಂಟರ್ ಈಗ ತಲೆ ತುರಿಸಿಕೊಳ್ಳುತ್ತಾರೆ.

ಆ ಗಳಿಗೆಯ ಬಗ್ಗೆ ಕಾಲಕ್ಕ ಹೇಳುವಾಗ ದನಿ ತಗ್ಗುತ್ತದೆ. "ಸುಳ್ಳು ಯಾಕೆ ಹೇಳ್ಲಿ. ಒಂದು ನಿಮಿಷ ಸುಮ್ನೆ ನಿಂತಿದ್ದೆ. ಮುಂದಿನ ವಾರ ಗುಟ್ಟಾಗಿ ಬೇರೆ ಮಾಡಿಕೊಟ್ರಾಯ್ತು ಅನ್ನಿಸ್ತು. ವರ್ಕ್‌ಶಾಪ್ ಉಳಿಯುತ್ತೆ, ಮೇಷ್ಟ್ರು ನೆಮ್ಮದಿಯಾಗಿ ಹೋಗ್ತಾರೆ, ಯಾರಿಗೇನು ನಷ್ಟ ಅಂತೆಲ್ಲ. ಆದ್ರೆ ನೋಡಿ, ಆ ಕಾಲು ಸಡಿಲ ಅಂತ ನಂಗೆ ಅಚ್ಚು ತೆಗೆದ ದಿನಾನೇ ಗೊತ್ತಿತ್ತು."

ಪೇಂಟರ್ ಆ ದಿನ ಬಂದದ್ದು ಸಂಜೆ, ಕೆಲಸ ಮುಗಿಸಿಕೊಂಡು. ನಾಳೆ ಬೆಳಗ್ಗೆ ಬಾ ಎಂದು ಹೇಳಬೇಕಿತ್ತು. ಪರೀಕ್ಷೆಗೆ ಆರೇ ದಿನ ಉಳಿದಿತ್ತು, ಒಂದು ದಿನ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. "ಸಾಕು ಬಿಡು, ಅಡ್ಜಸ್ಟ್ ಆಗುತ್ತೆ ಅಂದ್ಕೊಂಡೆ. ಬೇರೆಯವರಿಗೆ ಹೇಳಿದ್ದಿದ್ರೆ ಮೇಷ್ಟ್ರು ಬೈದು ತಡೀತಿದ್ರು. ನಂಗೆ ನಾನೇ ಹೇಳ್ಕೊಂಡೆ, ಹಂಗಾಗಿ ಯಾರೂ ಬೈಲಿಲ್ಲ. ಪಾಪ, ಅವನು ಸಾಕ್ಸ್ ತುಂಬಿದ್ದು ನನ್ನ ತಪ್ಪಿನ ಜಾಗಕ್ಕೆ."

ಪರೀಕ್ಷಕರ ಕಾರು ಗೇಟಿನ ಹತ್ತಿರ ತಲುಪಿತ್ತು. ಕಾಲಕ್ಕ ಕಾಲನ್ನು ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಲ್ಲಿ ಮೂರು ಸಾಕ್ಸ್ ಹಿಡಿದು ಅಂಗಳದ ಉದ್ದಕ್ಕೂ ಓಡಿದರು. ಮನುಷ್ಯನ ಕಾಲು ಹಿಡಿದು ಓಡಿಬರುವ ಹೆಂಗಸನ್ನು ಕಂಡು ಡ್ರೈವರ್ ಗಾಜು ಏರಿಸಿಬಿಟ್ಟನಂತೆ. ಮೇಡಂ ಇಳಿದು ಬಂದು ಎಲ್ಲ ಕೇಳಿಸಿಕೊಂಡರು. ನೀವು ಹೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ ಎಂದರು. "ಗೊತ್ತು ಮೇಡಂ," ಎಂದರು ಕಾಲಕ್ಕ. ಹಾಳೆಯ ಮೇಲಿನ ಪಾಸು ಅಳಿಸಿಹೋಯಿತು. ನಲವತ್ತು ದಿನದ ನಂತರ ಇನ್ನೊಂದೇ ಅವಕಾಶ ಎಂದು ಬರೆದುಕೊಟ್ಟರು.

ಮೇಷ್ಟ್ರು ಎರಡು ದಿನ ಅವರ ಮುಖ ನೋಡಲಿಲ್ಲ. "ಕೋಪ ಬಂದಿತ್ತು, ನಿಜ," ಎಂದು ಮೇಷ್ಟ್ರು ಒಪ್ಪಿಕೊಳ್ಳುತ್ತಾರೆ. "ಮೂವತ್ತು ವರ್ಷ ಜೀವ ತೇದು ಬೆಳೆಸಿದ ಜಾಗ. ಎರಡು ಸಾಕ್ಸ್‌ಗೋಸ್ಕರ ಮುಚ್ಚಿಸ್ತೀಯಾ ಅಂತ ಕೂಗಾಡಿದೆ. ಮೂರನೇ ರಾತ್ರಿ ನಿದ್ದೆ ಬರಲಿಲ್ಲ. ಎಷ್ಟು ಸಲ ನಾನೂ ಹೀಗೆ ಸಾಕು ಬಿಡು ಅಂದಿದ್ದೀನಿ ಅಂತ ಲೆಕ್ಕ ಹಾಕ್ತಾ ಮಲಗಿದ್ದೆ." ಮರುದಿನದಿಂದ ಬೆಳಗ್ಗೆ ಐದಕ್ಕೆ ತಾವೇ ಬಂದು ಬೀಗ ತೆಗೆಯುತ್ತಿದ್ದಾರೆ.

ಪೇಂಟರಿಗೆ ಮೇಷ್ಟ್ರೇ ಆ ವಾರ ಕಾಲು ಮಾಡಿಕೊಡುವುದಾಗಿ ಹೇಳಿದ್ದರು. ಪೇಂಟರ್ ಒಪ್ಪಲಿಲ್ಲ, ಮರುಪರೀಕ್ಷೆಗೆ ಅಕ್ಕನೇ ಮಾಡಲಿ, ಅಲ್ಲಿವರೆಗೆ ಕಾಯುತ್ತೇನೆ ಎಂದರು. ನಲವತ್ತು ದಿನ ನೆಲದ ಮೇಲೆ ಕೂತು ಗೋಡೆಗಳ ಕೆಳಗಿನ ಮೂರಡಿಗೆ ಮಾತ್ರ ಬಣ್ಣ ಬಳಿದಿದ್ದಾರೆ. ಮೇಲಿನದು ಜೊತೆಗಾರನ ಪಾಲು.

ನಾನು ಮೊದಲ ದಿನ ನೋಡಿದ ಆ ಅಚ್ಚಿನಿಂದಲೇ ಎದ್ದ ಕಾಲಿನ ಮರುಪರೀಕ್ಷೆ ಮೊನ್ನೆ ಆಯಿತು. ಅದೇ ಮೇಡಂ, ಅದೇ ಇಳಿಜಾರು. ಈ ಸಲ ಪರೀಕ್ಷಕರು ಕೇಳುವ ಮೊದಲೇ ಕಾಲಕ್ಕ ಕಾಲು ಬಿಚ್ಚಿಸಿ, ಚರ್ಮ ತೋರಿಸಿ, ಹತ್ತು ನಿಮಿಷ ಗಡಿಯಾರ ನೋಡುತ್ತಾ ನಿಂತರು. ಮೊಣಕಾಲಿನ ಕೆಳಗೆ ಕಾಸಿನಗಲ ಕೆಂಪಿತ್ತು. ನಾಲ್ಕನೇ ನಿಮಿಷಕ್ಕೆ ತಿಳಿಯಾಯಿತು, ಏಳನೇ ನಿಮಿಷಕ್ಕೆ ಇರಲಿಲ್ಲ. ಆಮೇಲೆ ಪೇಂಟರ್ ಮತ್ತೆ ಕಾಲು ತೊಟ್ಟು, ಯಾರೂ ಹೇಳದಿದ್ದರೂ ಮೂಲೆಯಲ್ಲಿದ್ದ ಏಣಿಯನ್ನು ಗೋಡೆಗೆ ಆನಿಸಿ ಆರು ಮೆಟ್ಟಿಲು ಹತ್ತಿದರು. ಕಾಲಕ್ಕ ಏಣಿಯ ಬುಡ ಗಟ್ಟಿಯಾಗಿ ಹಿಡಿದಿದ್ದರು. ಮರುಪರೀಕ್ಷೆಯ ಫಲಿತಾಂಶ ಕಚೇರಿಯಿಂದಲೇ ಬರಬೇಕು ಎಂದರು ಮೇಡಂ. ಹಾಳೆ ತುಂಬಿಸಿ, ಲಕೋಟೆಗೆ ಹಾಕಿ, ಅಂಟಿಸಿಕೊಂಡು ಹೋದರು.

ಫಲಿತಾಂಶ ಬರಲು ಇನ್ನು ಹತ್ತು ದಿನ. ಮೇಷ್ಟ್ರ ಕೊನೆಯ ದಿನಕ್ಕೆ ಹನ್ನೊಂದು. ವರ್ಕ್‌ಶಾಪಿನ ಹೊರಗಿನ ಬೆಂಚಿನ ಮೇಲೆ ಇವತ್ತು ಮೂವರು ಕಾಯುತ್ತಿದ್ದಾರೆ, ಅವರ ಕಾಲುಗಳ ಗತಿಯೂ ಆ ಲಕೋಟೆಯಲ್ಲೇ ಇದೆ. ಭಯ ಆಗುತ್ತಿಲ್ಲವೇ ಎಂದು ಕೇಳುತ್ತೇನೆ.

"ಆಗುತ್ತೆ. ರಾತ್ರಿ ಒಂದ್ಸಲ ಎಚ್ಚರ ಆದ್ರೆ ಮತ್ತೆ ಕಣ್ಣು ಹತ್ತಲ್ಲ," ಎನ್ನುತ್ತಾರೆ ಕಾಲಕ್ಕ, ಮುಂದಿನವರ ಅಚ್ಚಿಗೆ ಬಕೆಟ್ಟಿನಲ್ಲಿ ನೀರು ಬೆರೆಸುತ್ತಾ. ಬೆರಳು ಅದ್ದಿ ಬಿಸಿ ನೋಡುತ್ತಾರೆ, ಸ್ವಲ್ಪ ತಣ್ಣೀರು ಸುರಿಯುತ್ತಾರೆ, ಮತ್ತೆ ಅದ್ದುತ್ತಾರೆ. "ಆದ್ರೂ ಒಂದು ಸಮಾಧಾನ ಇದೆ ಸರ್. ಹೋದ ಸಲ ಅವರು ಪಾಸ್ ಅಂದ್ರು, ನಾನು ಇಲ್ಲ ಅಂದೆ. ಈ ಸಲ ನಾನು ಪಾಸ್ ಅಂದಿದೀನಿ. ಇನ್ನು ಅವರು ಹೇಳ್ಲಿ."