ಅತ್ತಿಗೆಯ ನಲವತ್ತು ಹೆಜ್ಜೆ

ನನ್ನ ಅತ್ತಿಗೆಗೆ ದಿನಕ್ಕೆ ನಲವತ್ತು ಹೆಜ್ಜೆ. ಅದಕ್ಕಿಂತ ಹೆಚ್ಚು ನಡೆದರೆ ಮರುದಿನ ಮಂಡಿ ಊದಿಕೊಂಡು ಹಾಸಿಗೆ ಹಿಡಿಸುತ್ತದೆ. ಅದಕ್ಕೇ ವೀಲ್‌ಚೇರ್. ಕೀಲುಗಳಿಗೆ ನುಂಗುವ ಮಾತ್ರೆ ಮೈಯನ್ನೂ ದಪ್ಪ ಮಾಡಿದೆ. "ಸ್ನಾನಕ್ಕೆ ಹತ್ತು ಆಯ್ತು, ಅಡುಗೆಗೆ ಹದಿನೈದು ಇಟ್ಕೊಂಡಿದೀನಿ" ಎಂದು ಬೆಳಗ್ಗೆಯೇ ಲೆಕ್ಕ ಹಾಕುತ್ತಾರೆ.

ನಮ್ಮಿಬ್ಬರದೂ ಒಂದೇ ಕಚೇರಿ. ಎರಡನೇ ಮಹಡಿಯಲ್ಲಿ ನಾನು ಟೈಪಿಸ್ಟ್, ನೆಲಮಹಡಿಯ ದಾಖಲೆ ಕೋಣೆಯಲ್ಲಿ ಅವರು. ಹದಿನೇಳು ವರ್ಷದಿಂದ ಯಾವ ಕಡತ ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಲಿಫ್ಟ್ ಇಲ್ಲದ ಕಟ್ಟಡ ಅದು.

ಕಚೇರಿಯ ಜನರ ಬಾಯಿಗೆ ಬೀಗವುಂಟೆ? ಒಬ್ಬರು 'ಪಾಪ' ಎಂದು ಕೇಳದೆಯೇ ಕುರ್ಚಿ ತಳ್ಳುತ್ತಾರೆ. ಇನ್ನೊಬ್ಬರು "ಸ್ವಲ್ಪ ನಡೀರಿ, ಕರಗುತ್ತೆ" ಎಂದು ಬುದ್ಧಿ ಹೇಳುತ್ತಾರೆ. ಅತ್ತಿಗೆ ನಕ್ಕುಬಿಡುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಆ ಉರಿಯೇ ಎಡವಟ್ಟು ಮಾಡಿತು. ಊಟದ ಹೊತ್ತಿನಲ್ಲಿ ಗುಮಾಸ್ತೆಯೊಬ್ಬಳು, "ತಿಂದು ತಿಂದು ಕುರ್ಚಿ ಹಿಡಿದಿದ್ದಾರೆ" ಎಂದಳು. ನಾನು ಸುಮ್ಮನಿದ್ದೆನೇ? "ಏನ್ರೀ ಹಾಗಂತೀರಾ? ಮನೇಲಿ ನಮ್ಮತ್ತಿಗೆ ಎದ್ದು ನಿಂತು ಅಡುಗೆ ಮಾಡ್ತಾರೆ, ಗೊತ್ತಾ?" ಎಂದುಬಿಟ್ಟೆ. ಅವರ ಪರವಾಗಿ ಆಡಿದ ಮಾತು! ಅಯ್ಯೋ, ನನ್ನ ಎಲುಬಿಲ್ಲದ ನಾಲಿಗೆಯೇ!

ಸಂಜೆಯೊಳಗೆ ಅದು ಬಾಯಿಂದ ಬಾಯಿಗೆ ಬೆಳೆದು, "ಮನೇಲಿ ಓಡಾಡ್ತಾರಂತೆ, ಇಲ್ಲಿ ಬರೀ ನಾಟಕ" ಎಂದಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮ್ಯಾನೇಜರಿಗೆ ಮೊದಲೇ ಅತ್ತಿಗೆಯ ದಾಖಲೆ ಕೋಣೆಯ ಮೇಲೆ ಕಣ್ಣಿತ್ತು. ಸೋಮವಾರದಿಂದ ದಾಖಲೆಗಳೆಲ್ಲ ಎರಡನೇ ಮಹಡಿಗೆ, ಅತ್ತಿಗೆಯೂ ಅಲ್ಲಿಗೇ, ಆಗದಿದ್ದರೆ ಕೆಲಸ ಬಿಡಬೇಕು ಎಂಬ ಮಾತು ಹಬ್ಬಿತು. ಮೂರು ದಿನ ನಾನು ಕೆಂಡದ ಮೇಲೆ ನಿಂತ ಹಾಗಿದ್ದೆ. ಟೈಪ್ ಮಾಡಿದ ಸಾಲನ್ನೇ ಮತ್ತೆ ಮಾಡುತ್ತಿದ್ದೆ. ನನ್ನಿಂದಲೇ ಆಯಿತು ಎಂದು ಹೇಳಲು ಹೋಗಿ, ಹೇಳದೆ ವಾಪಸ್ಸು ಬರುತ್ತಿದ್ದೆ.

ಶುಕ್ರವಾರ ಮ್ಯಾನೇಜರ್ ದಾಖಲೆ ಕೋಣೆಗೆ ಬಂದವರು ನನ್ನನ್ನೂ ಕರೆಸಿದರು. ಬಾಗಿಲ ತುಂಬ ಜನ.

"ನಿಮ್ಮ ಅತ್ತಿಗೆ ನಡೀತಾರೆ ಅಂತ ಹೇಳಿದ್ದು ನೀವೇ ಅಲ್ವಾ?"

ನಾನು ತಲೆ ತಗ್ಗಿಸಿದೆ. ಅತ್ತಿಗೆ ಒಮ್ಮೆ ನನ್ನತ್ತ ನೋಡಿದರು. ಆಮೇಲೆ ಕುರ್ಚಿಯ ಬ್ರೇಕ್ ಹಾಕಿ, ಕಪಾಟು ಹಿಡಿದು ಎದ್ದು ನಿಂತರು. ಹಿಂದಿನಿಂದ ಯಾರೋ, "ನೋಡಿದ್ರಾ!" ಎಂದರು.

"ಮೇಲಕ್ಕೆ ಮೆಟ್ಟಿಲು ಎಷ್ಟಿದೆ ಸಾರ್?" ಅತ್ತಿಗೆ ಕೇಳಿದರು.

ಮ್ಯಾನೇಜರಿಗೆ ಗೊತ್ತಿರಲಿಲ್ಲ. "ನಲವತ್ನಾಲ್ಕು" ಎಂದೆ ನಾನು.

"ದಿನಕ್ಕೆ ನನಗಿರೋದೇ ನಲವತ್ತು ಹೆಜ್ಜೆ ಸಾರ್. ಸ್ನಾನಕ್ಕೆ ಹತ್ತು ಹೋಗಿದೆ. ಮೂವತ್ತನೇ ಮೆಟ್ಟಿಲ ಮೇಲೆ ಒಂದು ಟೇಬಲ್ ಹಾಕಿಸಿ, ಅಲ್ಲೇ ಕೂತು ಕೆಲಸ ಮಾಡ್ತೀನಿ. ಸಂಜೆ ಇಳಿಸೋಕೆ ಯಾರು ಬರ್ತೀರಿ?"

ಒಬ್ಬ ನಗಲು ಹೋಗಿ ನಿಲ್ಲಿಸಿದ. ಮ್ಯಾನೇಜರ್ ಅತ್ತಿತ್ತ ನೋಡಿ, "ಸರಿ, ಇಲ್ಲೇ ಇರ್ಲಿ ಬಿಡಿ" ಎಂದು ಹೊರಟರು. ನನಗೆ ಹೋದ ಜೀವ ಬಂದಂತಾಯಿತು.

ಮನೆಗೆ ಬಂದವಳೇ ಅವರ ಕೈ ಹಿಡಿದು, "ತಪ್ಪಾಯ್ತು ಅತ್ತಿಗೆ" ಎಂದು ಅತ್ತುಬಿಟ್ಟೆ. "ಹೋಗ್ಲಿ ಬಿಡೇ, ನೀನೇನು ಬೇಕೂಂತ ಹೇಳಿದ್ಯಾ?" ಎಂದು ತಲೆ ಸವರಿದರು. ಅದರಲ್ಲಿ ಸುಳ್ಳಿರಲಿಲ್ಲ.

ಆದರೆ ಆವತ್ತಿನಿಂದ ನನ್ನೆದುರು ಅವರು ಏಳುವುದಿಲ್ಲ. ಎರಡು ಹೆಜ್ಜೆ ದೂರದ ಕಿಟಕಿಯನ್ನೂ, "ಸ್ವಲ್ಪ ಹಾಕ್ತೀಯಾ?" ಎಂದು ನನ್ನಿಂದಲೇ ಹಾಕಿಸುತ್ತಾರೆ. ಈಗ ಅಡುಗೆ ಹೊತ್ತಿಗೆ ಏನಾದರೂ ನೆಪ ಹೇಳಿ ನಾನೇ ಹೊರಗೆ ಹೋಗಿ ನಿಲ್ಲುತ್ತೇನೆ. ಒಳಗೆ ಅವರು ನಡೆಯುವುದು ಕೇಳಿಸುತ್ತದೆ. ನಾನು ಬಾಗಿಲು ತೆಗೆಯುವಷ್ಟರಲ್ಲಿ ಕುರ್ಚಿಯಲ್ಲಿ ಕೂತಿರುತ್ತಾರೆ.