ಖುಷಿ ಬೇಡ, ಪಗಾರ

ರತ್ನಮಾಲಾ ಮೇಡಂ ಸಿಟ್ಟು ಬಂದರೆ ಬೈಯುವುದಿಲ್ಲ, ಸೀಟಿ ಊದುತ್ತಾಳೆ. ಬಸವಕಲ್ಯಾಣದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹದಿನಾರು ವರ್ಷದಿಂದ ಪಿ.ಟಿ. ಟೀಚರು. ಸಂಜೆ ನಾಲ್ಕೂವರೆಯಿಂದ ಚೆಂಡು ಕಣ್ಣಿಗೆ ಕಾಣುವವರೆಗೆ ಊರಿನ ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮಿನ ಕೋಚು. ಈ ಎರಡನೆಯ ಕೆಲಸಕ್ಕೆ ಯಾರೂ ಅವಳನ್ನು ನೇಮಿಸಿದ್ದಲ್ಲ. ಮೈದಾನದ ಮೂಲೆಯಲ್ಲಿ ಬಳ್ಳಿ ಹಬ್ಬಿ ನಿಂತಿದ್ದ ಎರಡು ಕಂಬಗಳನ್ನು ಒಂದು ದಿನ ಕಂಡಳು, ಮರುದಿನ ಕುಡಗೋಲು ತಂದು ತಾನೇ ಬಳ್ಳಿ ಕಡಿದಳು, ಅಷ್ಟೆ. ಅದಾಗಿ ಈಗ ಹನ್ನೊಂದು ವರ್ಷ.

ಹುಟ್ಟಿದ್ದು ಹುಮನಾಬಾದ ತಾಲೂಕಿನ ದುಬಲಗುಂಡಿಯಲ್ಲಿ, ಕೂಲಿ ಮಾಡುವವರ ಓಣಿಯಲ್ಲಿ. ಹದಿಮೂರು ತುಂಬುವುದರೊಳಗೆ ಐದಡಿ ಎಂಟಿಂಚು ಬೆಳೆದು ನಿಂತಿದ್ದಳು. ಇಷ್ಟೆತ್ತರದ ಹುಡುಗಿಗೆ ಗಂಡು ಎಲ್ಲಿಂದ ತರಬೇಕು ಎಂದು ಅವ್ವ ಚಿಂತೆಗೆ ಬಿದ್ದಳು. ಕಲ್ಯಾಣದ ಹಾಸ್ಟೆಲಿಗೆ ಸೇರಿದಾಗ ಅಲ್ಲಿಯ ಮಾಸ್ತರರೊಬ್ಬರು ಅದೇ ಎತ್ತರವನ್ನು ನೋಡಿ ಕೈಗೆ ಚೆಂಡು ಕೊಟ್ಟರು. ಮೂರೇ ವರ್ಷಕ್ಕೆ ವಿಭಾಗದ ತಂಡದಲ್ಲಿದ್ದಳು. ಆಮೇಲೆ ಆಡಿದ್ದು ಒಂದು ದೊಡ್ಡ ಊರಿನ ಕ್ಲಬ್ಬಿಗೆ. ಅಲ್ಲಿಯವರು "ನೀ ನಮ್ಮ ಮನಿ ಮಗಳು" ಎಂದು ತಲೆ ಸವರುತ್ತಿದ್ದರು. ಮನೆಮಗಳಿಗೆ ಬಸ್ ಚಾರ್ಜು, ಊಟ, ದೀಪಾವಳಿಗೊಂದು ಟ್ರ್ಯಾಕ್ ಸೂಟು. ಪುಣೆಯಿಂದ ಬಂದ ಹುಡುಗಿಗೆ ಮಾತ್ರ ತಿಂಗಳ ಪಗಾರ. ಇದು ಗೊತ್ತಾದದ್ದು ಆ ಹುಡುಗಿಯೇ, ಪಾಪ, ಏನೂ ಅರಿಯದೆ, "ನಿಂದು ಎಷ್ಟು?" ಎಂದು ಕೇಳಿದಾಗ. ಇಪ್ಪತ್ತರ ರತ್ನಮಾಲಾ ನಕ್ಕು, "ನಂದೂ ಅಷ್ಟೇ" ಎಂದು ಸುಳ್ಳು ಹೇಳಿದಳು. ಆ ಸುಳ್ಳಿಗೆ ಅವಳಿಗೆ ಇಂದಿಗೂ ನಾಚಿಕೆಯಿದೆ. ಆ ವರ್ಷವೇ ಆಟ ಬಿಟ್ಟು, ಮಕ್ಕಳಿಗೆ ಆಟ ಕಲಿಸುವ ಓದಿಗೆ ಸೇರಿಕೊಂಡಳು.

ಅವಳ ಟೀಮಿನ ಸುತ್ತ ಹುಟ್ಟಿಕೊಂಡ ಕಲ್ಯಾಣದ ಕ್ಲಬ್ಬಿಗೆ ಹತ್ತು ವರ್ಷ ಇಂಥ ತಾಪತ್ರಯವೇ ಇರಲಿಲ್ಲ, ಏಕೆಂದರೆ ಕೊಡಲು ಏನೂ ಇರಲಿಲ್ಲ. ಈ ವರ್ಷ ಆರು ಊರುಗಳ ಮಹಿಳಾ ಲೀಗು ಶುರುವಾಯಿತು. ಹಳ್ಳಿಖೇಡದ ಕಡೆ ಕಬ್ಬು ಸಾಗಿಸುವ ಲಾರಿ ಮಾಲಕರು ಸೇರಿ ಕಲ್ಯಾಣದ ಟೀಮಿಗೆ ದೇಣಿಗೆ ಕೊಟ್ಟರು. ದುಡ್ಡು ಬಂದ ವಾರದಲ್ಲೇ ಕಮಿಟಿಗೆ ಜೀವ ಬಂತು. ಎಂದೂ ಮೈದಾನಕ್ಕೆ ಕಾಲಿಡದವರೂ ಸಭೆಗೆ ಹೊತ್ತಿಗೆ ಸರಿಯಾಗಿ ಹಾಜರು.

ಸಭೆ ಸೇರುವುದು ಹೈವೇ ಪಕ್ಕ ಅಬ್ದುಲ್ ರಜಾಕನ ಟೈರ್ ಅಂಗಡಿಯಲ್ಲಿ. ರಜಾಕ್ ಕ್ಲಬ್ಬಿನ ಖಜಾಂಚಿ, ಎಲ್ಲರಿಗೂ ಬೇಕಾದ ಮನುಷ್ಯ. ಅಧ್ಯಕ್ಷರು ಅಮೋಘಸಿದ್ದಪ್ಪ. ಕುರಿ ಕಾಯ್ದು ಬೆಳೆದವರು, ಈಗ ಹೈದರಾಬಾದಿಗೆ ಕುರಿ ಕಳಿಸುವ ವ್ಯಾಪಾರಿ. ಮನುಷ್ಯ ಕೆಟ್ಟವರಲ್ಲ. ಟೀಮಿನ ಹುಡುಗಿಯರಿಗೆ ಜ್ವರ ಬಂದರೆ ತಮ್ಮ ಜೀಪಿನಲ್ಲೇ ದವಾಖಾನೆಗೆ ಕರೆದೊಯ್ದವರು. ಆದರೆ ಲೀಗಿನ ಕಪ್ ಗೆಲ್ಲುವ ಆಸೆ ಅವರ ತಲೆಗೇರಿತ್ತು.

"ಸೊಲ್ಲಾಪುರದಿಂದ ನಾಕು ಮಂದಿ ತರೋಣ್ರಿ. ನಾ ಎಲ್ಲಾ ಮಾತಾಡೀನಿ. ಪಗಾರ ಕೊಟ್ರ ನಾಳೇ ಬರ್ತಾರ. ಕಪ್ ನಮ್ದೇ" ಎಂದರು.

"ನಮ್ಮ ಹುಡುಗ್ಯಾರಿಗಿ, ಅಣ್ಣಾರ?" ರತ್ನಮಾಲಾ ಕೇಳಿದಳು.

"ಅವರು ಮನಿ ಮಕ್ಕಳಲ್ರಿ! ಮನಿ ಮಕ್ಕಳಿಗಿ ಯಾರರ ಪಗಾರ ಕೊಡ್ತಾರೇನು? ನಿಮ್ಮ ಮಗ ಒಂದು ಕೊಡ ನೀರು ತಂದ್ರ ಪಗಾರ ಕೇಳ್ತಾನೇನ್ರಿ?"

ಎಲ್ಲರೂ ನಕ್ಕರು. ರತ್ನಮಾಲಾಗೆ ನಗು ಬರಲಿಲ್ಲ. ಅವಳ ಟೀಮಿನ ಜೀವಾಳ ಪ್ರಣಿತಾ. ದುಬಲಗುಂಡಿಯ ಅವಳದೇ ಓಣಿಯ ಹುಡುಗಿ, ಹತ್ತೊಂಬತ್ತು ವರ್ಷ. ಮುಂಜಾನೆಯಿಂದ ಅವ್ವನ ಜೊತೆ ಹೊಲದ ಕೂಲಿ, ಮಧ್ಯಾಹ್ನ ಎರಡು ಬಸ್ಸು ಬದಲಿಸಿ ಕಲ್ಯಾಣಕ್ಕೆ ಆಟಕ್ಕೆ. ಈಗ ಹುಮನಾಬಾದದ ಬಟ್ಟೆ ಅಂಗಡಿಯೊಂದು ಅವಳಿಗೆ ತಿಂಗಳ ಪಗಾರದ ಕೆಲಸ ಕೊಡುತ್ತೇನೆಂದಿತ್ತು.

"ಹತ್ತಕ್ಕ ಹೋದ್ರ ರಾತ್ರಿ ಎಂಟಕ್ಕ ಬಿಡ್ತಾರಂತ. ಸೋಮವಾರ ಆಕಿ ಜವಾಬು ಹೇಳಬೇಕು. ಹ್ಞೂಂ ಅಂದ್ಳಂದ್ರ ಆಕಿ ಆಟ ಅಲ್ಲಿಗಿ ಮುಗೀತು. ಆಕಿ ಹಿಂದ ಬಿಡವ್ರು ಇನ್ನಾ ಐದು ಮಂದಿ ಇದ್ದಾರ" ಎಂದಳು ರತ್ನಮಾಲಾ.

ಮಾತು ಬಿಸಿಯಾಯಿತು. ಆಗ ರಜಾಕ್ ಚಹಾದ ಕಪ್ಪು ಹಂಚುತ್ತ ನಡುವೆ ಬಂದ. "ಜರಾ ತಡ್ಕೋರಿ. ಪಗಾರ ಬ್ಯಾಡ, ಖಾಲಿ ಕೈನೂ ಬ್ಯಾಡ. ಗೆದ್ದ ದಿನ ಹುಡುಗ್ಯಾರ ಕೈಯಾಗ ಖುಷಿ ಇಡೋಣು. ಎಲ್ಲರಿಗೂ ಸಮಾಧಾನ."

ಖುಷಿ ಎಂದರೆ ಸಂತೋಷ ಎಂದು ದೂರದವರು ತಿಳಿದಾರು. ಈ ಕಡೆ ಅದಕ್ಕೆ ಇನ್ನೊಂದು ಅರ್ಥವಿದೆ. ಕೊಡುವವನಿಗೆ ಮನಸ್ಸು ಬಂದಾಗ, ಮನಸ್ಸು ಬಂದಷ್ಟು, ಕೈಯಲ್ಲಿ ಇಡುವುದು ಖುಷಿ. ಅದನ್ನು ಕೇಳುವ ಹಾಗಿಲ್ಲ, ಕಡಿಮೆಯಾಯಿತು ಎನ್ನುವ ಹಾಗೂ ಇಲ್ಲ. ಕಮಿಟಿ ಒಪ್ಪಿತು. ಅಷ್ಟಾದರೂ ಸಿಕ್ಕಿತಲ್ಲ ಎಂದು ರತ್ನಮಾಲಾ ಕೂಡ ಒಪ್ಪಿದಳು. ಅವಳ ಬಾಳಿನಲ್ಲಿ ಇಂಥ ದೊಡ್ಡ ತಪ್ಪುಗಳು ಹೆಚ್ಚಿಲ್ಲ, ಇದು ಅವುಗಳಲ್ಲೊಂದು.

ರವಿವಾರ ಮುಂಜಾನೆ ಸುದ್ದಿ ಹೇಳಲು ತಾನೇ ದುಬಲಗುಂಡಿಗೆ ಹೋದಳು. ಪ್ರಣಿತಾಳ ಅವ್ವ ಕಾಂತಾಬಾಯಿ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಓಣಿಯ ವರಸೆಯಲ್ಲಿ ರತ್ನಮಾಲಾಗೆ ವೈನಿ, ಅಂದರೆ ಅತ್ತಿಗೆಯಾಗಬೇಕು. ಪ್ರಣಿತಾ ಹೊಸ್ತಿಲಲ್ಲಿ ಕೂತಿದ್ದಳು.

"ವೈನಿ, ಕಮಿಟಿ ಒಪ್ಪಿತು. ಗೆದ್ದ ದಿನಾ ಖುಷಿ ಕೊಡ್ತಾರಂತ."

ಕಾಂತಾಬಾಯಿ ಮೊರ ಕೆಳಗಿಟ್ಟಳು. "ಯಾರ ಖುಷಿ, ರತ್ನಾ?"

"ಕ್ಲಬ್ಬಿನವರದು."

"ಅವರಿಗಿ ಖುಷಿ ಆಗಲಿಲ್ಲಂದ್ರ?"

ಕಾಂತಾಬಾಯಿ ದನಿ ಏರಿಸಲಿಲ್ಲ. "ನಮ್ಮ ಮಾವ ಊರ ಮಂದಿ ಮದುವ್ಯಾಗ ದಿನಗಟ್ಲೆ ಹಲಗಿ ಬಡೀತಿದ್ದ. ಕಡೀಕ ಒಂದು ಹಳೇ ಧೋತರ ಒಗದು, 'ಖುಷಿ ತಗೋ' ಅಂತಿದ್ರು. ಅದನ್ನ ಬಂದ್ ಮಾಡ್ಸಿದಾಂವ ಯಾರು? ನಿಮ್ಮಪ್ಪ, ಮಚ್ಚೇಂದ್ರ ಮಾಮಾ. ಓಣಿ ಮಂದಿ ಕೂಡಿಸಿ, ಇನ್ನ ಮ್ಯಾಲ ಖುಷಿಗಿ ಕೈ ಒಡ್ಡೋದಿಲ್ಲ, ಕೆಲಸಕ್ಕ ಕೂಲಿ ಕೇಳೋದು ಅಂದ. ಒಂದು ವರ್ಷ ನಮ್ಮನ್ನ ಯಾರೂ ಕೆಲಸಕ್ಕ ಕರೀಲಿಲ್ಲ. ನೀ ಆಗ ಮೂರನೇ ಕ್ಲಾಸಿನ್ಯಾಗ ಇದ್ದಿ. ಮರತೀಯೇನು?"

ಮರೆತಿರಲಿಲ್ಲ. ಆ ವರ್ಷ ಅಪ್ಪ ಸೈಕಲ್ ಮೇಲೆ ಹಳ್ಳಿಖೇಡಕ್ಕೆ ಹೋಗಿ ಕಬ್ಬು ಕಡಿದು ಬರುತ್ತಿದ್ದ, ಕೈತುಂಬ ಗಾಯ. ಎಲ್ಲ ನೆನಪಿತ್ತು. ನೆನಪಿದ್ದೂ, ಅದೇ ಖುಷಿಯನ್ನು ಸಿಹಿಸುದ್ದಿಯ ಹಾಗೆ ಅದೇ ಓಣಿಗೆ ಹೊತ್ತು ತಂದಿದ್ದಳು. ಕಲ್ಯಾಣದ ಕುರ್ಚಿಯಲ್ಲಿ ಕೂತು ಕೂತು ಕಿವಿ ಮಂದವಾಯಿತೇನೋ. ಅವಳಿಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

"ಅತ್ತಿ," ಪ್ರಣಿತಾ ಕೇಳಿದಳು, "ನನಗ ಆಡೋದು ಬಿಡೋ ಮನಸ್ಸಿಲ್ಲ. ಖರೇ ಹೇಳಾಕತ್ತೇನಿ. ಆದ್ರ ನಾಳಿಗಿ ಅಂಗಡಿಯವರಿಗಿ ಏನಂತ ಹೇಳ್ಲಿ?"

"ನಾಳಿ ಮಧ್ಯಾಹ್ನದ ತನಕ ಏನೂ ಹೇಳಬ್ಯಾಡ" ಎಂದಳು ರತ್ನಮಾಲಾ. ಚಹಾ ಕುಡಿಯಲೂ ನಿಲ್ಲದೆ ಬಸ್ ಸ್ಟ್ಯಾಂಡಿಗೆ ನಡೆದಳು.

ಸೋಮವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ, ಊರ ಹೊರಗಿನ ಅಮೋಘಸಿದ್ದಪ್ಪನವರ ಕುರಿದೊಡ್ಡಿಗೆ ಹೋದಳು. ಅವರು ಒಂದು ಮರಿಯ ಬಾಯಿ ಬಿಡಿಸಿ ಔಷಧಿ ಹಾಕುತ್ತಿದ್ದರು. ಅವರ ತಾಯಿ ಜಿಜಾಬಾಯಿ, ಎಂಬತ್ತರ ಮುದುಕಿ, ಬಿಸಿಲಿಗೆ ಬೆನ್ನು ಕೊಟ್ಟು ಕಂಬಳಿಯ ಮೇಲೆ ಕೂತಿದ್ದಳು.

"ಅಣ್ಣಾರ, ಖುಷಿ ನಮಗ ಬ್ಯಾಡ್ರಿ. ಪಗಾರ ಬೇಕು. ಆರೂ ಹುಡುಗ್ಯಾರಿಗಿ, ತಿಂಗಳಿಗಿಷ್ಟು ಅಂತ. ಗೆದ್ರೂ ಅಷ್ಟೇ, ಸೋತ್ರೂ ಅಷ್ಟೇ."

"ಮತ್ತ ಅದೇ ಮಾತು ತಗದ್ರಿ? ಸಭಾದಾಗ ಹ್ಞೂಂ ಅಂದಿರಿ."

"ಅಂದಿದ್ದೆ. ತಪ್ಪಾತು. ಒಂದು ಮಾತು ಕೇಳ್ತೀನಿ, ಹೇಳ್ರಿ. ನಿಮ್ಮ ಅಪ್ಪಾರು ಗೊಬ್ಬರಕ್ಕಂತ ಮಂದಿ ಹೊಲದಾಗ ಕುರಿ ಕೂಡಿಸ್ತಿದ್ರಲ್ಲ, ಹೊಲದವ, 'ಬೆಳಿ ಚಲೋ ಬಂದ್ರ ಖುಷಿ ಕೊಡ್ತೀನಿ' ಅಂದ್ರ ಕೂಡಿಸ್ತಿದ್ರೇನು?"

ಅಮೋಘಸಿದ್ದಪ್ಪ ಬಾಯಿ ತೆರೆಯುವ ಮೊದಲೇ ಕಂಬಳಿಯ ಮೇಲಿಂದ ಜವಾಬು ಬಂತು. "ಹಂಗಂದವನ ಹೊಲದಾಗ ಒಂದು ಹಿಕ್ಕಿ ಸೈತ ಬೀಳತಿರಲಿಲ್ಲವಾ!" ಎಂದಳು ಜಿಜಾಬಾಯಿ. "ಎಷ್ಟು ರಾತ್ರಿ, ಎಷ್ಟು ಜ್ವಾಳ, ಮೊದಲ ಮಾತು. ಆಮ್ಯಾಲ ಕುರಿ."

"ಗುರುತಿನವರ ಹೊಲ ಇದ್ರ, ಆಯಿ?"

"ಗುರುತಿನವರಾದ್ರ ಇನ್ನಾ ಮೊದಲು. ನಮ್ಮವರು ನಮ್ಮವರು ಅಂತ ಸುಮ್ನಿದ್ದು ಕಡೀಕ ಜಗಳ ಆಡಬೇಕೇನು?"

"ಅವ್ವಾ, ಕುರಿ ಬ್ಯಾರೆ, ಆಟ ಬ್ಯಾರೆ" ಎಂದು ಅಮೋಘಸಿದ್ದಪ್ಪ ರೇಗಿದರು.

"ಏನು ಬ್ಯಾರೆ? ನಿಮ್ಮಪ್ಪನ ಕುರಿಗಿದ್ದ ಕಿಮ್ಮತ್ತು ಆ ಹುಡುಗ್ಯಾರಿಗಿಲ್ಲೇನು?"

ಅಮೋಘಸಿದ್ದಪ್ಪ ಮರಿಯನ್ನು ಇಳಿಸಿ, ಕೈ ತೊಳೆದು, ಟವೆಲಿನಿಂದ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡರು. ಆಮೇಲೆ ವ್ಯಾಪಾರಿಯ ದನಿಯಲ್ಲಿ ಮಾತು ತೆಗೆದರು.

"ಸೊಲ್ಲಾಪುರದವರನ್ನ ತರಾಕ ರೊಕ್ಕ ಉಳಿಯಂಗಿಲ್ಲ. ಸೋಲ್ತೀವಿ, ಮೇಡಂ."

"ಈ ವರ್ಷ ಸೋಲ್ತೀವ್ರಿ."

"ಮಂದಿ ನಗ್ತಾರ."

"ನಗಲಿ ಬಿಡ್ರಿ."

"ಒಂದು ದಿನ ಪ್ರ್ಯಾಕ್ಟೀಸ್ ತಪ್ಪಿಸಿದ್ರ ಕಟ್ ಮಾಡ್ತೀನಿ ನೋಡ್ರಿ."

"ಮಾಡ್ರಿ. ಪಗಾರ ಅಂದ್ರ ಅದೇ ಅಲ್ಲೇನ್ರಿ?"

ಅಮೋಘಸಿದ್ದಪ್ಪನವರಿಗೆ ನಗು ತಡೆಯಲಾಗಲಿಲ್ಲ. ಕಾಗದ ತರಿಸಿ, ಆರು ಹೆಸರು ಬರೆದು, ಮೇಲೆ 'ಸಹಾಯಧನ' ಎಂದು ತಲೆಬರಹ ಕೊಟ್ಟರು. ರತ್ನಮಾಲಾ ಪೆನ್ನು ಇಸಕೊಂಡು ಅದನ್ನು ಹೊಡೆದುಹಾಕಿ 'ಪಗಾರ' ಎಂದು ಬರೆದಳು. ಅವರು ಅವಳ ಮುಖ ನೋಡಿದರು, ನಂತರ ಸಹಿ ಹಾಕಿದರು. ಕಮಿಟಿಯ ಉಳಿದವರನ್ನು ಒಪ್ಪಿಸುವ ಹೊಣೆ ರಜಾಕನ ಚಹಾಕ್ಕೆ ಬಿತ್ತು. ಮೂರು ಸಭೆ, ಒಂದು ರಾಜೀನಾಮೆ, ಆ ರಾಜೀನಾಮೆ ವಾಪಸು, ಎಲ್ಲ ಆಗಿ ಕೆಲಸವಾಯಿತು. ರತ್ನಮಾಲಾ ಮಾತ್ರ ಅಷ್ಟು ದಿನ ಕಾಯಲಿಲ್ಲ. ಸಹಿಯ ಮಸಿ ಆರುವ ಮೊದಲೇ ಪ್ರಣಿತಾಗೆ ಫೋನು ಹಚ್ಚಿ, "ಅಂಗಡಿಯವರಿಗಿ ಆಗಂಗಿಲ್ಲ ಅಂತ ಹೇಳಿಬಿಡು" ಎಂದಿದ್ದಳು. ಕಮಿಟಿ ಕೈಕೊಟ್ಟಿದ್ದರೆ ತನ್ನ ಸಂಬಳದಿಂದಲೇ ಕೊಡುವ ನಿಶ್ಚಯ ಮಾಡಿದ್ದಳಂತೆ. ಗಂಡನಿಗೂ ಹೇಳಿರಲಿಲ್ಲ.

ಒಂದನೇ ತಾರೀಖಿಗೆ ಆರೂ ಹುಡುಗಿಯರು ಟೈರ್ ಅಂಗಡಿಯಲ್ಲಿ ಸಾಲಾಗಿ ನಿಂತು ಸಹಿ ಮಾಡಿ ಪಗಾರ ತೆಗೆದುಕೊಂಡರು. ಮುಂದಿನ ರವಿವಾರ ಹುಮನಾಬಾದದಲ್ಲಿ ಲೀಗಿನ ಮೊದಲ ಮ್ಯಾಚು. ಎದುರಿನ ಟೀಮಿನಲ್ಲಿ ಐದಕ್ಕೆ ನಾಲ್ವರು ಹೊರಗಿನಿಂದ ತಂದ ಪಳಗಿದ ಆಟಗಾರ್ತಿಯರು. ಕಲ್ಯಾಣದ ಹುಡುಗಿಯರು ಮೂವತ್ತೊಂದು ಪಾಯಿಂಟುಗಳಿಂದ ಸೋತರು. ಸಣ್ಣ ಸೋಲಲ್ಲ ಅದು, ಮುಖ ಎತ್ತಿ ನಡೆಯಲಾಗದ ಸೋಲು. ಕಮಿಟಿಯ ಒಬ್ಬರು, "ಇದಕ್ಕ ಪಗಾರ ಬ್ಯಾರೆ ಕೇಡು" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದರು. ಅಮೋಘಸಿದ್ದಪ್ಪ ಕಪ್ಪು ಮೋರೆ ಮಾಡಿಕೊಂಡು ಜೀಪು ಹತ್ತಿದರು, ಆದರೆ ಆ ಮಾತಿಗೆ ಹ್ಞೂಂ ಅನ್ನಲಿಲ್ಲ.

ರತ್ನಮಾಲಾ ತವರಿನಲ್ಲಿ ಒಂದು ರಾತ್ರಿ ಇದ್ದು ಬರೋಣವೆಂದು ಪ್ರಣಿತಾಳ ಜೊತೆ ದುಬಲಗುಂಡಿಯ ಬಸ್ಸು ಹತ್ತಿದಳು. ಹುಡುಗಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಏನು ಹೇಳಿ ಸಮಾಧಾನ ಮಾಡಲಿ ಎಂದು ಮೇಡಂ ಒಳಗೊಳಗೇ ಮಾತು ಜೋಡಿಸುತ್ತಿದ್ದಳು. ಅಷ್ಟರಲ್ಲಿ ಕಂಡಕ್ಟರ್ ಬಂದ. ಇಬ್ಬರ ಆಧಾರ್ ಕಾರ್ಡು ನೋಡಿ, ಹೆಂಗಸರ ಉಚಿತ ಟಿಕೆಟು ಹರಿದು ಕೊಟ್ಟು, ಪ್ರಣಿತಾಳ ಬೂಟು ನೋಡಿದ.

"ಕಾಲೇಜಿನಿಂದ ಬರಾಕತ್ತೀ ಏನವಾ?"

"ಇಲ್ರಿ. ಕೆಲಸದಿಂದ."

"ರವಿವಾರ ಏನು ಕೆಲಸ?"

"ಬಾಸ್ಕೆಟ್‌ಬಾಲ್ ಆಡ್ತೀನ್ರಿ. ಕಲ್ಯಾಣದ ಟೀಮಿಗಿ."

"ಅದಕ್ಕ ಪಗಾರ ಕೊಡ್ತಾರ?" ಕಂಡಕ್ಟರ್ ನಕ್ಕ.

"ಕೊಡ್ತಾರ್ರಿ."

"ಭಾರಿ ಆತಲ್ಲ! ಇವತ್ತು ಗೆದ್ರೇನು ಮತ್ತ?"

"ಇಲ್ರಿ, ಸೋತೇವು. ಭಾಳ ಕೆಟ್ಟ ಸೋತೇವು." ಪ್ರಣಿತಾ ಅವನ ಮುಖ ನೋಡಿಕೊಂಡೇ ಹೇಳಿದಳು. ಅವನು ಮುಂದಿನ ಸೀಟಿಗೆ ಹೋದ ಮೇಲೆ ರತ್ನಮಾಲಾಳ ಕಡೆ ತಿರುಗಿದಳು.

"ನಾಳೆ ಒಂದು ಬಸ್ ಮೊದಲೇ ಬರ್ತೀನಿ. ನನ್ನ ಎಡಗೈ ಪಾಸ್ ಎಲ್ಲಾ ಅವರ ಕೈಯಾಗೇ ಹೋಗಾಕತ್ತಿದ್ದವು. ಅದನ್ನ ಮೊದಲ ಸರಿ ಮಾಡಿಸ್ರಿ."

ರತ್ನಮಾಲಾ "ಹ್ಞೂಂ" ಎಂದಳು. ಜೋಡಿಸಿಟ್ಟುಕೊಂಡಿದ್ದ ಸಮಾಧಾನದ ಮಾತು ಯಾರಿಗೂ ಬೇಕಾಗಲಿಲ್ಲ.